ಡ್ರಮ್ಮಿನೊಳಗಿನ ಬತಾಸು

ಮೊನ್ನೆ ಭಾನುವಾರ ನಮ್ಮ ಪಕ್ಕದ ಮನೆಯ ದಂಪತಿ, ಮದುವೆಯಾಗಿ ಇನ್ನೂ ವರ್ಷ ತುಂಬದವರು, ಅಂಗಳದಲ್ಲಿ ಏನನ್ನೋ ಬಿಚ್ಚಿ ಹರವಿಕೊಂಡು ಕೂತಿದ್ದರು. ಕಪ್ಪು ಬಲೆಯ ಬಟ್ಟೆ, ಮಡಚುವ ಕಡ್ಡಿಗಳು, ಸುತ್ತಲೂ ಜಿಪ್ಪು. ಕೂಸಿಗೆ ಸೊಳ್ಳೆಪರದೆ ಇರಬೇಕು, ಇಷ್ಟು ದೊಡ್ಡ ಸುದ್ದಿಯನ್ನು ನನಗೆ ಹೇಳದೆ ಮುಚ್ಚಿಟ್ಟಿದ್ದಾರಲ್ಲ ಎಂದು ನಾನು ಕಾಂಪೌಂಡಿನ ಮೇಲೆ ಮೊಳಕೈ ಊರಿ ವಿಚಾರಿಸಿದೆ. ಅದು ನಾಯಿಗಂತೆ. ಗುಂಡ್ಲುಪೇಟೆಯ ಆಚೆ ಕಾಡಂಚಿನ ಹೊಲವೊಂದರಲ್ಲಿ ಟೆಂಟ್ ಹಾಕಿ ಕೊಡುತ್ತಾರಂತೆ. ಅಲ್ಲಿಗೆ ಎರಡು ದಿನ ಕ್ಯಾಂಪಿಂಗ್ ಹೋಗುವಾಗ ನಾಯಿ ತಪ್ಪಿಸಿಕೊಳ್ಳದಿರಲಿ ಎಂದು ಆನ್‌ಲೈನಿನಲ್ಲಿ ತರಿಸಿದ್ದಂತೆ. ಅವರ ನಾಯಿ ಕಿವಿ ಜೋತುಬಿದ್ದ ಸಾಧು ಪ್ರಾಣಿ. ಅದನ್ನು ಒಳಗೆ ಬಿಟ್ಟು ಜಿಪ್ಪೆಳೆದರು. ಅದು ಒಂದು ಸುತ್ತು ಸುತ್ತಿ ಮಲಗಿಯೇಬಿಟ್ಟಿತು.

ನನಗೆ ನಗು ತಡೆಯಲಾಗಲಿಲ್ಲ. ಅವರು ಬೇಜಾರು ಮಾಡಿಕೊಂಡರೇನೋ ಗೊತ್ತಿಲ್ಲ, ನಾನು ಒಳಗೆ ಬಂದು ಸೋಫಾದ ಮೇಲೆ ಕೂತು ಮತ್ತೊಂದು ಸಲ ನಕ್ಕೆ. ಆ ಬಲೆಯೊಳಗೆ ನಮ್ಮ ಬತಾಸುವನ್ನು ಕೂಡಿದ್ದರೆ ಅವನು ತಿಂಡಿ ಹೊತ್ತಿಗೆ ಮುಂಚೆ ಬಲೆಯನ್ನು ತಿಂದು, ತಿಂಡಿ ಹೊತ್ತಿಗೆ ಸರಿಯಾಗಿ ತಟ್ಟೆ ಮುಂದೆ ಹಾಜರಾಗುತ್ತಿದ್ದ. ಬತಾಸು ಯಾರು, ಅವನನ್ನು ನಾನು ಬಯಲಿನಲ್ಲಿ ಹೇಗೆ ಕಾದೆ ಎನ್ನುವುದನ್ನು ಇಲ್ಲಿಯವರೆಗೆ ಕನಿಷ್ಠ ನೂರು ಜನಕ್ಕೆ ಹೇಳಿರುವೆ. ನೀವೊಬ್ಬರು ಉಳಿದಿದ್ದಿರಿ.

ಕ್ಯಾಂಪಿಂಗ್ ಎನ್ನುವ ಮಾತು ನನ್ನ ಕಿವಿಗೆ ಬಿದ್ದದ್ದು ಈಚೆಗೆ. ಮಾಡುತ್ತಿರುವುದು ಮಾತ್ರ ಫ್ರಾಕು ಹಾಕುತ್ತಿದ್ದ ಕಾಲದಿಂದ. ಚಾಮರಾಜನಗರದ ನಮ್ಮ ತವರಿನಲ್ಲಿ ಅಪ್ಪ ರೇಷ್ಮೆಹುಳು ಸಾಕುತ್ತಿದ್ದರು. ಇದ್ದದ್ದು ಎರಡು ಕೋಣೆ. ಹುಳುಗಳು ಚಿಕ್ಕವಿರುವಾಗ ಒಂದು ಮೂಲೆಯ ತಟ್ಟೆಯಲ್ಲಿ ಬಡಪಾಯಿಗಳಂತೆ ಇರುತ್ತಿದ್ದವು. ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದವೋ, ಅಲ್ಲಿಗೆ ಮನೆ ಅವುಗಳದ್ದು. ತಟ್ಟೆಗಳು ಸೂರಿನವರೆಗೆ ಏರುತ್ತಿದ್ದವು, ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಇಳಿಯುತ್ತಿದ್ದೆವು. ಹೊಗೆ ಆಗದು ಎಂದು ಅಮ್ಮನ ಒಲೆಯೂ ಹಿತ್ತಲಿಗೆ ಹೋಗುತ್ತಿತ್ತು. ಪೌಡರು ಬಳಿದುಕೊಂಡು ಬಂದ ನಮ್ಮ ಚಿಕ್ಕಮ್ಮನನ್ನು, ಹುಳುಗಳಿಗೆ ವಾಸನೆ ಆಗುವುದಿಲ್ಲವೆಂದು ಅಪ್ಪ ಬಾಗಿಲಲ್ಲೇ ತಡೆದು, ಮುಖ ತೊಳೆದುಕೊಂಡು ಬಾ ಎಂದಿದ್ದರು. ಆಕೆ ಮುಖ ತೊಳೆಯದೆ ಹಾಗೇ ಬಸ್ಸು ಹತ್ತಿದಳು. ಹೀಗಾಗಿ ಮನೆಯೊಳಗೆ ಭದ್ರವಾಗಿ ಇರಬೇಕಾದವರು ಯಾರು, ಹೊರಗೆ ಮಲಗಬೇಕಾದವರು ಯಾರು ಎಂಬ ವಿಷಯದಲ್ಲಿ ನನಗೆ ಚಿಕ್ಕಂದಿನಿಂದಲೂ ಸ್ವಲ್ಪ ಗೊಂದಲವಿದೆ.

ಮದುವೆಯಾದ ಮೇಲೆ ಹುಳ ಹೋಯಿತು, ಅರಿಸಿನ ಬಂತು. ನಮ್ಮೆಜಮಾನರ ಹೊಲ ಕುದೇರಿನ ಹತ್ತಿರ. ಅವರು ಚಾಮರಾಜನಗರದ ಆಫೀಸೊಂದರಲ್ಲಿ ಕೆಲಸದಲ್ಲಿದ್ದಾರೆ, ನಾನು ಇಲ್ಲೇ ಪ್ರೈಮರಿ ಶಾಲೆಯ ಟೀಚರು. ಹೊಲದಲ್ಲಿ ನಮಗೆ ಮನೆಯಿಲ್ಲ. ಅರಿಸಿನ ಕಿತ್ತು, ಬೇಯಿಸಿ, ಕಣದಲ್ಲಿ ಹರವಿದ ಮೇಲೆ ಅದು ಕಟಕಟ ಅನ್ನುವಷ್ಟು ಒಣಗುವ ತನಕ ಹತ್ತು ಹದಿನೈದು ದಿನ ಅಲ್ಲೇ ಕಾಯಬೇಕು. ಹಂದಿ ನುಗ್ಗಿ ತುಳಿದಾಡುತ್ತದೆ, ಮೋಡ ಕಟ್ಟಿದರೆ ಟಾರ್ಪಾಲು ಹೊದಿಸಬೇಕು. ಹಾಗಾಗಿ ವರ್ಷವರ್ಷವೂ ತೆಂಗಿನ ಗರಿಯ ಗುಡಿಸಲೊಂದನ್ನು ಹಾಕಿ, ಗ್ಯಾಸ್ ಸ್ಟವ್ವು, ಎರಡು ಮಂಚ, ನನ್ನ ಪರೀಕ್ಷೆ ಪೇಪರುಗಳ ಕಟ್ಟು ಎಲ್ಲವನ್ನೂ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ನಾವಿಬ್ಬರೂ ಹೋಗಿ ಇರುತ್ತೇವೆ. ಅವರು ರಜೆ ಹಾಕಿ ಕಣ ಕಾಯುತ್ತಾರೆ, ನಾನು ಬೆಳಿಗ್ಗೆ ಅಲ್ಲಿಂದಲೇ ಬಸ್ಸು ಹಿಡಿದು ಶಾಲೆಗೆ ಹೋಗುತ್ತೇನೆ. ಆ ದಿನಗಳಲ್ಲಿ ನನ್ನ ಕೈ ಬೆರಳು, ಸೀರೆ ಅಂಚು, ಸೀಮೆಸುಣ್ಣದ ಡಬ್ಬಿ ಎಲ್ಲ ಹಳದಿ.

ಈ ಕಥೆ ನಡೆದ ವರ್ಷ ನಾವು ಹೊಲಕ್ಕೆ ಹೊರಡುವ ಹಿಂದಿನ ದಿನ ತೆರಕಣಾಂಬಿಯಿಂದ ಅತ್ತಿಗೆ ಬಂದರು. ಅತ್ತಿಗೆ ಎಂದರೆ ನಮ್ಮೆಜಮಾನರ ಅಕ್ಕ, ಪುಟ್ಟತಾಯಮ್ಮ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮೈಸೂರಿಗೆ ಹೊರಟಿದ್ದರು. ಆಪರೇಷನ್ ಆದಮೇಲೆ ಮಗಳ ಮನೆಯಲ್ಲಿ ಒಂದಷ್ಟು ದಿನ ಇರಬೇಕು, ಆ ಬಾಡಿಗೆ ಮನೆಯಲ್ಲಿ ನಾಯಿ ಸೇರಿಸುವುದಿಲ್ಲ. ಆದ್ದರಿಂದ ಬತಾಸು ನನ್ನ ಪಾಲಿಗೆ ಬಂದ. ಮರಿಯಾಗಿದ್ದಾಗ ದುಂಡಗೆ, ಬೆಳ್ಳಗೆ, ತಟ್ಟೆಯಲ್ಲಿಟ್ಟ ಬತಾಸಿನ ಹಾಗೇ ಇದ್ದನಂತೆ. ಈಗ ದುಂಡಗೇನೂ ಇಲ್ಲ, ಉದ್ದ ಕಾಲು, ಸಣ್ಣ ಸೊಂಟ, ಆದರೆ ಬಿಳುಪು ಹಾಗೇ ಇದೆ. ಮೈಮೇಲೆ ಒಂದು ಕರಿ ಚುಕ್ಕೆ ಹುಡುಕಿದರೂ ಸಿಗುವುದಿಲ್ಲ.

ಅತ್ತಿಗೆಗೂ ಅವನಿಗೂ ಇರುವ ನಂಟಿನ ಬಗ್ಗೆ ಅವರೇ ಒಂದು ಸಲ ಹೇಳಿದ್ದರು. ಭಾವ ತೀರಿಕೊಂಡ ವರ್ಷ ಅವರಿಗೆ ಒಲೆ ಹಚ್ಚಲೂ ಮನಸ್ಸು ಬರುತ್ತಿರಲಿಲ್ಲವಂತೆ. ಈ ಮರಿ ಎಲ್ಲಿಂದಲೋ ಬಂದು ಹೊಸ್ತಿಲ ಮೇಲೆ ಕೂತು ಕುಂಯ್ಗುಡತೊಡಗಿದ ಮೇಲೆ, ಇದಕ್ಕಾದರೂ ಹಾಕಬೇಕಲ್ಲ ಎಂದು ಎದ್ದು ಒಲೆ ಹಚ್ಚಿದರಂತೆ. ಅತ್ತಿಗೆ ಮೆತ್ತಗಿನ ಮಾತಿನವರಲ್ಲ. ಅವರ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು. ನನ್ನ ಬಗ್ಗೆ ಅವರಿಗೆ ಮೊದಲಿನಿಂದಲೂ ಒಂದು ಅಭಿಪ್ರಾಯವಿತ್ತು. ಪೇಟೆಯಲ್ಲಿ ಹುಟ್ಟಿದವಳು, ಪಾಠ ಹೇಳಲಿಕ್ಕೆ ಸರಿ, ಪ್ರಾಣಿ ಪಕ್ಷಿ ಅವಳ ಕೈಯಲ್ಲಿ ನಿಲ್ಲುವುದಿಲ್ಲ ಎಂದು. ನಾನು ಸಾಕಿದ ಕೋಳಿಗಳು ಪಕ್ಕದ ಮನೆಗೆ ಹೋಗಿ ಮೊಟ್ಟೆ ಇಡುತ್ತಿದ್ದವು ಎನ್ನುವುದು ಅವರ ಸಾಕ್ಷಿ.

ಬಸ್ ಸ್ಟ್ಯಾಂಡಿನಲ್ಲಿ ಬತಾಸುವಿನ ಹಗ್ಗವನ್ನು ನನ್ನ ಕೈಗೆ ಕೊಡುವಾಗ ಅವರು, "ನಿನ್ನ ನಂಬ್ಕೊಂಡು ಬುಡ್ತಾ ಇಲ್ಲ ಕಣಮ್ಮಿ ಸುಸೀಲ, ಬ್ಯಾರೆ ಗತಿ ಇಲ್ದೆ ಬುಡ್ತಾ ಇವ್ನಿ. ನಾನು ಕಣ್ಣು ಬುಟ್ಟು ನೋಡೋ ವತ್ಗೆ ಇವ್ನು ನನ್ ಮುಂದೆ ಇರ್ಬೇಕು" ಅಂದರು. ಸುತ್ತ ಹತ್ತು ಜನ ನಿಂತಿದ್ದರು. ನನಗೂ ಪಿತ್ತ ನೆತ್ತಿಗೇರಿತು. ಹೇಗೆ ಕೊಟ್ಟಿದ್ದೀರೋ ಹಾಗೇ ತಂದು ಒಪ್ಪಿಸುತ್ತೇನೆ, ಒಂದು ಕೂದಲು ಕೊಂಕುವುದಿಲ್ಲ ಎಂದೆ. ಬಸ್ಸು ಹೊರಟಿತು. ನಾನು ಹಗ್ಗ ನೋಡಿಕೊಂಡರೆ ಅದರ ತುದಿಯಲ್ಲಿ ಕೊರಳಪಟ್ಟಿ ಮಾತ್ರ ಇತ್ತು. ಬತಾಸು ಪ್ಲಾಟ್‌ಫಾರಂ ಕೊನೆಯಲ್ಲಿ ಬೋಂಡಾ ಅಂಗಡಿಯ ಮುಂದೆ ನಿಂತಿದ್ದ.

ಆಮೇಲೆ ಗೊತ್ತಾಯಿತು, ಅವನ ಕೊರಳು ದಪ್ಪ, ತಲೆ ಸಣ್ಣ. ಯಾವ ಪಟ್ಟಿ ಹಾಕಿದರೂ ಹಿಂದೆ ಸರಿದು, ಕಿವಿ ಮಡಚಿ, ತಲೆ ಕಳಚಿಕೊಂಡುಬಿಡುತ್ತಾನೆ. ಮನುಷ್ಯರು ಬನಿಯನ್ ತೆಗೆದ ಹಾಗೆ. ಹೊಲಕ್ಕೆ ಹೋದ ಮೊದಲ ದಿನವೇ ನಮ್ಮ ಪರದಾಟ ಶುರುವಾಯಿತು. ಹೊಟ್ಟೆಗೂ ಎದೆಗೂ ಸೇರಿಸಿ ಹಗ್ಗ ಬಿಗಿದರೆ ಹಗ್ಗ ಕಡಿದ. ಸರಪಳಿ ತಂದು ಮಂಚದ ಕಾಲಿಗೆ ಹಾಕಿದರೆ, ಮೊಲ ಕಂಡು ಮಂಚವನ್ನೇ ಎಳೆದ. ಮಂಚದ ಮೇಲೆ ನಮ್ಮೆಜಮಾನರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅವರು ಎದ್ದು ಕೂತು, ಭೂಮಿ ನಡುಗಿತಾ ಎಂದು ಕೇಳಿದರು. ಗುಡಿಸಲೊಳಗೆ ಹಾಕಿ ತಡಿಕೆ ಕಟ್ಟಿದರೆ ಗರಿ ಸೀಳಿಕೊಂಡು ಹಿಂದಿನಿಂದ ಬಂದ. ಕೋಳಿ ಮುಚ್ಚುವ ದೊಡ್ಡ ಬಿದಿರು ಪಂಜರವನ್ನು ಅವನ ಮೇಲೆ ಮುಚ್ಚಿ, ಮೇಲೊಂದು ಕಲ್ಲು ಹೇರಿ, ಸದ್ಯ ಎಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ನೋಡಿದರೆ ಪಂಜರ ತಾನೇ ತಾನಾಗಿ ನಡೆದುಕೊಂಡು ಬರುತ್ತಿದೆ. ಅರಿಸಿನದ ಕಣದ ನಡುವೆ ಹಾದು, ಕೊಂಬುಗಳನ್ನೆಲ್ಲ ಗೋರಿಕೊಂಡು, ಒಗ್ಗರಣೆ ವಾಸನೆಯ ದಿಕ್ಕು ತಪ್ಪದೆ ನನ್ನ ಒಲೆಯ ಹತ್ತಿರ ಬಂದು ನಿಂತಿತು.

ಇಷ್ಟರವರೆಗೆ ನಗುವ ವಿಷಯವೇ. ಮೂರನೆಯ ದಿನ ಪಕ್ಕದ ಹೊಲದ ನಂಜಪ್ಪ ಬಂದು ಹೇಳಿದ ಮೇಲೆ ನಗು ನಿಂತಿತು. ನಮ್ಮ ಹೊಲದ ಮಗ್ಗುಲಲ್ಲಿ ಕೆಲಸ ನಿಂತುಹೋದ ಒಂದು ಕಲ್ಲಿನ ಕ್ವಾರಿ ಇದೆ, ಒಳಗೆ ಲಾಂಟಾನ ಪೊದೆ ಬೆಳೆದು ಹಗಲಲ್ಲೇ ಕತ್ತಲು. ಅಲ್ಲಿ ಚಿರತೆ ಸೇರಿಕೊಂಡಿದೆಯಂತೆ. ಆಚೆ ತೋಟದವರ ಎರಡು ನಾಯಿಗಳು ಹೋದವಂತೆ. ಚಿರತೆಗೆ ಕುರಿ ಮೇಕೆಗಿಂತ ನಾಯಿ ರುಚಿ, ನಾಯಿ ಇರುವ ಕಡೆ ಅದು ಹುಡುಕಿಕೊಂಡು ಬರುತ್ತದೆ ಎಂದು ನಂಜಪ್ಪ ಬೀಡಿ ಹಚ್ಚುತ್ತಾ ವಿವರಿಸಿದ. ಬತಾಸು ಅವನ ಕಾಲ ಬಳಿ ಕೂತು, ತನ್ನನ್ನೇ ಹೊಗಳುತ್ತಿದ್ದಾರೆ ಎನ್ನುವ ಹಾಗೆ ಬಾಲ ಆಡಿಸುತ್ತಿದ್ದ.

ಅತ್ತಿಗೆಯ ಹತ್ತಿರ ಬಡಾಯಿ ಕೊಚ್ಚಿದ್ದು ಒಂದು ಕಡೆ ಇರಲಿ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮೈಸೂರಿನಲ್ಲಿ ಕೂತಿರುವ ಆ ಹೆಂಗಸು ಪಟ್ಟಿ ಬಿಚ್ಚಿದ ಮೇಲೆ ಬಂದು, ನನ್ನ ನಾಯಿ ಎಲ್ಲಿ ಎಂದರೆ ನಾನು ಏನು ತೋರಿಸಲಿ? ಊರಿಗೆ ಕರೆದುಕೊಂಡು ಹೋಗಿ ಮನೆಯಲ್ಲಿ ಕೂಡಿಹಾಕೋಣ ಎಂದೆ. ಅದನ್ನೂ ಮಾಡಿದೆವು. ನಮ್ಮೆಜಮಾನರು ಗಾಡಿಯಲ್ಲಿ ಒಯ್ದು ಚಾಮರಾಜನಗರದ ಮನೆಯೊಳಗೆ ಬಿಟ್ಟು ಬೀಗ ಹಾಕಿ ಬಂದರು. ನಾನು ಶಾಲೆ ಮುಗಿಸಿ ಹೋಗಿ ನೋಡುವಷ್ಟರಲ್ಲಿ ಅವನು ಕಿರುಚಿ ಕಿರುಚಿ ಬೀದಿಯವರನ್ನೆಲ್ಲ ಸೇರಿಸಿ, ಬಚ್ಚಲುಮನೆಯ ಕಿಟಕಿಯ ಗಾಜು ಕೆಡವಿ, ಅದರೊಳಗೆ ಅರ್ಧ ಮೈ ತೂರಿಸಿ ಸಿಕ್ಕಿಕೊಂಡಿದ್ದ. ಇಲ್ಲಿ ಬಿಟ್ಟರೆ ಗಾಜಿಗೆ ಸಾಯುತ್ತಾನೆ, ಅಲ್ಲಿ ಬಿಟ್ಟರೆ ಚಿರತೆಗೆ. ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲವಾದ್ದರಿಂದ ಒಂದು ಆಟೋ ಮಾಡಿ ಮತ್ತೆ ಹೊಲಕ್ಕೇ ಕರೆತಂದೆ.

ಅವತ್ತು ಸಂಜೆ ನಂಜಪ್ಪ ಮತ್ತೆ ಬಂದ. ಕ್ವಾರಿಯ ಹತ್ತಿರ ಚಿರತೆ ಹಿಡಿಯಲು ಬೋನು ತರಿಸುವ ಮಾತು ನಡೆದಿತ್ತು. ಬೋನಿನ ಒಳಗೆ ಒಂದು ನಾಯಿ ಕಟ್ಟಬೇಕು, ವಾಸನೆಗೆ ಚಿರತೆ ಬರಬೇಕು. ಅವನು ಬತಾಸುವಿನ ಬೆನ್ನು ಸವರಿ, ಒಳ್ಳೆ ಉಪಕಾರ ಮಾಡುವವನ ಹಾಗೆ, "ಇವ್ನ ಕೊಟ್ಬುಡಿ ಟೀಚರಮ್ಮ. ಬೋನೊಳ್ಗೆ ಇರೋ ನಾಯ್ಗೆ ಏನೂ ಆಗಕಿಲ್ಲ, ನಡ್ವೆ ಜಾಲ್ರಿ ಇರ್ತದೆ. ಮನೇಲಿರೋದ್ಕಿಂತ ಅಲ್ಲೇ ಸೇಪು" ಅಂದ.

ನನಗೆ ಬಂದ ಕೋಪಕ್ಕೆ ಅವನಿಗೆ ಕೊಡಬೇಕೆಂದಿದ್ದ ಕಾಫಿಯನ್ನು ನಾನೇ ಕುಡಿದೆ. ನಿಮ್ಮ ಮನೆಯವರನ್ನು ಕೂರಿಸಿಕೊಳ್ಳಿ ಬೋನಿನಲ್ಲಿ ಎಂದು ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ. ಧುಮುಗುಟ್ಟುತ್ತಾ ಕಣದ ಆಚೆ ಹೋಗಿ, ಹುಣಸೆಮರದ ಕೆಳಗೆ ಬಿದ್ದಿದ್ದ ಒಂದು ಕಬ್ಬಿಣಕ್ಕೆ ಕಾಲು ಎಡವಿದೆ. ಹೆಬ್ಬೆರಳಿನ ಉಗುರು ಎದ್ದುಬಂತು. ನೋವಿಗೆ ಅದರ ಮೇಲೇ ಕೂತುಕೊಂಡೆ. ಕೂತ ಮೇಲೆ, ನಾನು ಯಾವುದರ ಮೇಲೆ ಕೂತಿದ್ದೇನೆ ಎಂದು ನೋಡಿದೆ.

ಅದು ನಮ್ಮ ಮಾವನವರ ಕಾಲದ ಅರಿಸಿನದ ಪಾಲಿಶ್ ಡ್ರಮ್ಮು. ಒಣಗಿದ ಅರಿಸಿನದ ಕೊಂಬಿನ ಒರಟು ಸಿಪ್ಪೆ ಹೋಗಿ ಮಿರಮಿರ ಹೊಳೆಯಬೇಕಾದರೆ ಅದನ್ನು ಡ್ರಮ್ಮಿಗೆ ತುಂಬಿ ತಿರುಗಿಸಬೇಕು. ಸುತ್ತಲೂ ದಪ್ಪ ಕಬ್ಬಿಣದ ಜಾಲರಿ, ಪುಡಿ ಉದುರಿಹೋಗಲಿ ಎಂದು. ಮಗ್ಗುಲಲ್ಲಿ ಒಂದು ಬಾಗಿಲು, ಅದಕ್ಕೆ ಅಂಗೈ ಅಗಲದ ಚಿಲಕ. ಎರಡು ಕಡೆ ಹಿಡಿ, ಇಬ್ಬರು ನಿಂತು ತಿರುಗಿಸುವಂಥದ್ದು. ಒಂದು ಕರು ಮಲಗುವಷ್ಟು ಜಾಗ. ಈಗೆಲ್ಲ ಟ್ರ್ಯಾಕ್ಟರಿಗೆ ಸೇರಿಸುವ ದೊಡ್ಡ ಯಂತ್ರ ಬಾಡಿಗೆಗೆ ಬರುತ್ತದಾದ್ದರಿಂದ ಇದನ್ನು ಗುಜರಿಗೆ ಹಾಕಿ ಎಂದು ನಾನು ಪ್ರತಿ ವರ್ಷ ಜಗಳ ತೆಗೆಯುತ್ತಿದ್ದೆ. ಅಪ್ಪ ಮಾಡಿಸಿದ್ದು ಎಂದು ಅವರು ಪ್ರತಿ ವರ್ಷ ಸುಮ್ಮನಿರುತ್ತಿದ್ದರು. ನಂಜಪ್ಪ ಹೇಳಿದ ಜಾಲರಿ ಇಲ್ಲಿ ನಾನು ಕೂತ ಜಾಗದ ಕೆಳಗೇ ಇತ್ತು. ನಾನು ಕುಂಟಿಕೊಂಡು ಓಡಿಹೋಗಿ ನಮ್ಮೆಜಮಾನರಿಗೆ ಹೇಳಿದೆ. ಅವರು ನನ್ನನ್ನೂ ಡ್ರಮ್ಮನ್ನೂ ಒಂದು ಸಲ ನೋಡಿ, "ಆಯ್ತದೆ ಕಣೆ" ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಇಷ್ಟು ಬೇಗ ಒಪ್ಪಿಕೊಂಡ ಎರಡನೆಯ ಮಾತು ಅದು. ಮೊದಲನೆಯದು ಮದುವೆ.

ನಂಜಪ್ಪನೂ ಕೈ ಹಾಕಿದ. ಮೂವರೂ ಸೇರಿ ಡ್ರಮ್ಮನ್ನು ಗುಡಿಸಲಿನ ಬಾಗಿಲಿಗೆ ಎಳೆದು ತಂದು, ಅದರ ಸ್ಟ್ಯಾಂಡಿನ ಮೇಲೆ ಕೂರಿಸಿ, ಒಳಗೆ ಹುಲ್ಲು ಹಾಸಿ, ಒಂದು ಮೂಳೆ ಇಟ್ಟೆವು. ಬತಾಸು ಮೂಳೆಯ ಹಿಂದೆ ತಾನಾಗಿಯೇ ನುಗ್ಗಿದ. ಚಿಲಕ ಹಾಕಿದೆ. ಅಬ್ಬ ಎಂದು ಸೊಂಟದ ಮೇಲೆ ಕೈ ಇಟ್ಟು ನಿಂತೆ. ನಾನು ಮಾಡಿದ ತಪ್ಪನ್ನು ಅರಿಸಿನ ಬೆಳೆಯುವವರು ಬಿಟ್ಟು ಬೇರೆ ಯಾರೂ ಮಾಡಲಾರರು. ಡ್ರಮ್ಮು ಎಂದಮೇಲೆ ಸ್ಟ್ಯಾಂಡಿನ ಮೇಲೆ ಇರಬೇಕು ಎಂದು ಕೈ ತಾನಾಗಿ ಕೂರಿಸಿಬಿಟ್ಟಿತ್ತು. ಸ್ಟ್ಯಾಂಡಿನ ಮೇಲೆ ಇರುವುದು ತಿರುಗುವುದಕ್ಕೆ ಎನ್ನುವುದು ನಮಗೆ ಹೊಳೆಯಲಿಲ್ಲ, ಬತಾಸುವಿಗೆ ಹೊಳೆಯಿತು. ಅವನು ಒಂದು ಹೆಜ್ಜೆ ಮುಂದೆ ಇಟ್ಟ, ಡ್ರಮ್ಮು ಒಂದು ಹೆಜ್ಜೆ ಹಿಂದೆ ಬಂತು. ಗಾಬರಿಯಾಗಿ ಓಡಿದ. ಡ್ರಮ್ಮು ಗಡಗಡನೆ ಸುತ್ತತೊಡಗಿತು. ಹುಲ್ಲು, ಮೂಳೆ, ನಾಯಿ ಮೂರೂ ಒಳಗೆ ಹಾರಾಡುತ್ತಿವೆ, ಅವನು ನಿಂತರೆ ಬೀಳುತ್ತಾನೆ, ಓಡಿದರೆ ಅದು ಇನ್ನೂ ಜೋರಾಗಿ ಸುತ್ತುತ್ತದೆ. ನಮ್ಮೆಜಮಾನರು ಹಿಡಿಗೆ ಜೋತುಬಿದ್ದು ನಿಲ್ಲಿಸಿದರು. ಬಾಗಿಲು ತೆಗೆದರೆ ಅವನು ಇಳಿದು ನಾಲ್ಕು ಹೆಜ್ಜೆ ಅಡ್ಡಡ್ಡ ನಡೆದು, ಕೂತು, ಆಕಾಶ ನೋಡಿದ.

ಆಮೇಲೆ ಡ್ರಮ್ಮನ್ನು ನೆಲಕ್ಕೆ ಇಳಿಸಿ, ಎರಡೂ ಕಡೆ ದಿಂಡುಗಲ್ಲು ಕೊಟ್ಟು, ಹಿಡಿಗೆ ಹಾರೆ ತೂರಿಸಿ ನೆಲಕ್ಕೆ ಬಡಿದೆವು. ನಾನೇ ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಎರಡನೆಯ ಸಲ ಒಳಗೆ ಹೋಗಲು ಬತಾಸು ಒಪ್ಪಲಿಲ್ಲ. ಮೂಳೆಗೂ ಬಗ್ಗಲಿಲ್ಲ, ಮೊಟ್ಟೆಗೂ ಬಗ್ಗಲಿಲ್ಲ. ಕೊನೆಗೆ ಅತ್ತಿಗೆ ಅವನ ಜೊತೆಗೆ ಕಳಿಸಿದ್ದ ಹಳೇ ಸೀರೆಯ ತುಂಡನ್ನು ಹುಲ್ಲಿನ ಮೇಲೆ ಹಾಸಿದೆ. ಅದನ್ನು ಮೂಸಿದ. ಒಳಗೆ ಹೋಗಿ ಅದರ ಮೇಲೆ ಗುಂಡಗೆ ಸುತ್ತಿಕೊಂಡು ಮಲಗಿದ. ನನಗೆ ಯಾಕೋ ಕಣ್ಣು ತುಂಬಿ ಬಂತು. ಇವನು ಅಲ್ಲಿ ಹೊಸ್ತಿಲ ಮೇಲೂ ಹೀಗೇ ಮಲಗುತ್ತಿದ್ದನೇನೋ ಎನಿಸಿತು.

ಅವತ್ತಿನಿಂದ ಅದೇ ನಿಯಮವಾಯಿತು. ಹೊತ್ತು ಮುಳುಗುವ ಮುಂಚೆ ಬತಾಸು ಡ್ರಮ್ಮಿನೊಳಗೆ, ಹೊತ್ತು ಹುಟ್ಟಿದ ಮೇಲೆ ಹೊರಗೆ. ನಾನು ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಾ ನಡುವೆ ಫೋನು ಮಾಡಿ ನಾಯಿ ಇದೆಯಾ ಎಂದು ಕೇಳುತ್ತಿದ್ದೆ. ಇದೆ, ನಾನೂ ಇದ್ದೀನಿ ಎಂದು ನಮ್ಮೆಜಮಾನರು ಉತ್ತರ ಕೊಡುತ್ತಿದ್ದರು.

ಹೊರಡುವುದಕ್ಕೆ ಒಂದೆರಡು ದಿನ ಉಳಿದಿತ್ತು. ನಸುಕಿನಲ್ಲಿ, ಕಣ್ಣಿಗೆ ಸ್ವಲ್ಪ ಬೆಳಕು ಹತ್ತುವ ಹೊತ್ತಿಗೆ, ಡ್ರಮ್ಮು ಧಡಕ್ ಎಂದ ಸದ್ದಿಗೆ ಎಚ್ಚರವಾಯಿತು. ಬತಾಸು ಬೊಗಳಲಿಲ್ಲ. ಅಂಥ ಬಾಯಿಬಡುಕ ಬೊಗಳದಿದ್ದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಮತ್ತೊಂದು ಸಲ ಧಡಕ್. ಜಾಲರಿಯ ಕಬ್ಬಿಣವನ್ನು ಉಗುರಿನಿಂದ ಕೆರೆದ ಶಬ್ದ. ನಮ್ಮೆಜಮಾನರು ಒಳಗಿನಿಂದಲೇ ಹೋ ಎಂದು ಕೂಗಿದರು. ನಾನು ಅನ್ನದ ತಪ್ಪಲೆಗೆ ಸೌಟಿನಿಂದ ಬಡಿದೆ. ಆ ತಪ್ಪಲೆಯ ತಗ್ಗು ಇವತ್ತಿಗೂ ಇದೆ. ಹೊರಗೆ ಏನೋ ಭಾರವಾದದ್ದು ಕಣದ ಮೇಲೆ ಹಾದು ಓಡಿದ ಸದ್ದಾಯಿತು. ಚೆನ್ನಾಗಿ ಬೆಳಕು ಹರಿಯುವ ತನಕ ನಾವು ತಡಿಕೆ ಸರಿಸಲಿಲ್ಲ. ಆ ಹೊತ್ತಿನಷ್ಟೂ ನಾನು ಒಳಗಿನಿಂದ ಬತಾಸು, ಬತಾಸು ಎಂದು ಕರೆಯುತ್ತಲೇ ಇದ್ದೆ. ಉತ್ತರ ಬರಲಿಲ್ಲ.

ಹೊರಗೆ ಬಂದರೆ ಕಣದ ತುಂಬ ಅಂಗೈ ಅಗಲದ ಹೆಜ್ಜೆ. ಡ್ರಮ್ಮಿನ ಸುತ್ತ ನೆಲ ಕೆದರಿತ್ತು. ಜಾಲರಿಯ ಮೇಲಿನ ತುಕ್ಕು ಎದ್ದು ನಾಲ್ಕು ಗೀರು, ಸಾಲಾಗಿ, ಬೆಳ್ಳಗೆ ಹೊಳೆಯುತ್ತಿದ್ದವು. ಹಾರೆ ವಾಲಿತ್ತು, ಕಲ್ಲು ಮಾತ್ರ ಕದಲಿರಲಿಲ್ಲ. ನಾನು ಬಾಗಿ ಒಳಗೆ ನೋಡಿದೆ. ಬತಾಸು ಅತ್ತಿಗೆಯ ಸೀರೆಯ ತುಂಡಿನೊಳಗೆ ತಲೆ ಹುದುಗಿಸಿ ನಡುಗುತ್ತಾ ಮಲಗಿದ್ದ. ಚಿಲಕ ತೆಗೆದದ್ದೇ ತಡ, ನನ್ನ ಮೇಲೆ ಹಾರಿ ನೆಲಕ್ಕೆ ಕೆಡವಿ ಮುಖವೆಲ್ಲ ನೆಕ್ಕಿದ. ನಾನು ಕಣದ ಮಣ್ಣಿನಲ್ಲಿ ಬಿದ್ದುಕೊಂಡೇ ಅವನ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಹೊಟ್ಟೆ ನೋಡಿದೆ, ಕುತ್ತಿಗೆ ನೋಡಿದೆ. ಒಂದು ಗೀರಿಲ್ಲ. ಗೆದ್ದೆ ಎಂದು ಕೂಗಿದೆ. ನಂಜಪ್ಪ ತನ್ನ ಹೊಲದಿಂದ ಓಡಿಬಂದ. ಚಿರತೆ ಅರಿಸಿನದ ಪುಡಿ ತುಳಿದುಕೊಂಡು ಹೋಗಿತ್ತು, ಕ್ವಾರಿಯ ಬಂಡೆಯ ಮೇಲೆ ಹಳದಿ ಹೆಜ್ಜೆಗಳು ಸಾಲಾಗಿ ಮೇಲೆ ಹತ್ತಿದ್ದವು. ಲಕ್ಷಣವಾಗಿ ಪಾದಕ್ಕೆ ಅರಿಸಿನ ಹಚ್ಚಿಸಿಕೊಂಡು ಬರಿಗೈಲಿ ಹೋಯಿತು ಎಂದು ನಾನು ಊರಿಗೆಲ್ಲ ಹೇಳಿದೆ.

ಸಂತೋಷ ಇಳಿದ ಮೇಲೆ ಬತಾಸುವಿನ ಕಡೆ ಸರಿಯಾಗಿ ನೋಡಿದೆ. ಅವನು ಹಳದಿಯಾಗಿದ್ದ. ಕಿವಿಯಿಂದ ಬಾಲದ ತುದಿಯ ತನಕ. ಮಾವನವರ ಕಾಲದಿಂದ ಜಾಲರಿಯ ಸಂದಿಯಲ್ಲಿ ಕೂತಿದ್ದ ಅರಿಸಿನವೆಲ್ಲ ದಿನಾ ಸ್ವಲ್ಪ ಸ್ವಲ್ಪ ಉದುರುತ್ತಿತ್ತು, ನನ್ನ ಗಮನಕ್ಕೆ ಬಂದಿರಲಿಲ್ಲ. ಅವತ್ತು ಚಿರತೆ ಕುಲುಕಿದ ಏಟಿಗೆ ಇದ್ದದ್ದೆಲ್ಲ ಬಿದ್ದಿತ್ತು. ಹೇಗೆ ಕೊಟ್ಟಿದ್ದೀರೋ ಹಾಗೇ ಎಂದು ಹತ್ತು ಜನರ ಮುಂದೆ ಹೇಳಿದವಳು ನಾನು. ಕೈಗೆ ಸಿಕ್ಕ ಬಟ್ಟೆ ಸೋಪು ತೆಗೆದುಕೊಂಡು ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಎಳೆದುಕೊಂಡು ಹೋಗಿ ತಿಕ್ಕಿದೆ. ಅರಿಸಿನಕ್ಕೆ ಸೋಪು ಬಿದ್ದರೆ ಏನಾಗುತ್ತದೆ ಎನ್ನುವುದು ಸೀರೆ ಒಗೆಯುವ ಯಾವ ಹೆಂಗಸಿಗೂ ಗೊತ್ತು, ನನಗೂ ಗೊತ್ತು. ಆ ಗಡಿಬಿಡಿಯಲ್ಲಿ ಮರೆತೆ. ಬತಾಸು ನೋಡನೋಡುತ್ತಿದ್ದಂತೆ ಕೆಂಪಗಾದ. ಬೆನ್ನಿನ ಮೇಲೆ, ಕತ್ತಿನ ಮೇಲೆ ಕೆಂಪು ಪಟ್ಟೆ. ಚಿರತೆ ಬಿಟ್ಟದ್ದನ್ನು ನಾನು ಮಾಡಿಟ್ಟಂತಿತ್ತು. ನಮ್ಮೆಜಮಾನರು ಗುಡಿಸಲಿನಿಂದ ನಿಂಬೆಹಣ್ಣು ತಂದು ಹಿಂಡಿದರು, ಮತ್ತೆ ಹಳದಿಗೆ ಬಂದ. ಅಲ್ಲಿಗೆ ನಿಲ್ಲಿಸು, ಇನ್ನೂ ಯಾವ ಬಣ್ಣ ನೋಡಬೇಕು ನಿನಗೆ ಎಂದರು. ಬಿಸಿಲಿಗೆ ಬಿಡುತ್ತಾ ಬಂದರೆ ದಿನಗಳೆದಂತೆ ತಾನೇ ಹೋಗುತ್ತದೆ, ಆದರೆ ನಮಗೆ ದಿನ ಇರಲಿಲ್ಲ. ಅತ್ತಿಗೆ ತೆರಕಣಾಂಬಿಗೆ ಬಂದಾಗಿದೆ ಎಂದು ಆಗಲೇ ಫೋನು ಬಂದಿತ್ತು.

ಗೂಡ್ಸ್ ಆಟೋಗೆ ಡ್ರಮ್ಮನ್ನು ಹೇರಿ, ಹಗ್ಗ ಬಿಗಿದು, ಅದರೊಳಗೆ ಬತಾಸುವನ್ನು ಕೂರಿಸಿ ಹೊರಟೆವು. ಅವನಿಗೆ ಆ ಹೊತ್ತಿಗೆ ಅದು ಸ್ವಂತ ಮನೆಯಾಗಿಬಿಟ್ಟಿತ್ತು, ಕರೆಯದೆಯೇ ಹತ್ತಿದ. ಚಾಮರಾಜನಗರದ ಸರ್ಕಲ್ಲಿನಲ್ಲಿ ಗಾಡಿ ನಿಂತಾಗ ಟೀ ಅಂಗಡಿಯವರು, ಬಸ್ಸಿನ ಕಿಟಕಿಯವರು, ಸ್ಕೂಟರಿನವರು ಎಲ್ಲ ತಿರುಗಿ ನೋಡಿದರು. ಕಬ್ಬಿ‌ಣದ ಡ್ರಮ್ಮಿನೊಳಗೆ ಅರಿಸಿನದ ಬಣ್ಣದ ನಾಯಿ, ಪಕ್ಕದಲ್ಲಿ ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡ ಟೀಚರು. ನನ್ನ ಶಾಲೆಯ ಮಕ್ಕಳಿಬ್ಬರು ಕಂಡು ನಮಸ್ತೆ ಮಿಸ್ ಎಂದರು. ನಾನು ಕೈ ಬೀಸಿದೆ. ನಾಚಿಕೆ ಆಗಲಿಲ್ಲ. ತೇರಿನಲ್ಲಿ ಕೂರಿಸಿ ಮೆರೆಸಿದ್ದರೂ ನನಗೆ ಅಷ್ಟು ಖುಷಿ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅತ್ತಿಗೆಗೆ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಿ ಉಸಿರೆಳೆಯಬೇಕು ಎಂದು ಅಭ್ಯಾಸ ಮಾಡಿಕೊಂಡೆ.

ತೆರಕಣಾಂಬಿಯಲ್ಲಿ ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಗಾಡಿಯ ಸದ್ದಿಗೆ ಎದ್ದು ನಿಂತರು. ಚಿಲಕ ತೆಗೆದೆ. ಬತಾಸು ಗಾಡಿಯಿಂದ ನೆಲಕ್ಕೆ, ನೆಲದಿಂದ ಜಗಲಿಗೆ, ಜಗಲಿಯಿಂದ ಅವರ ಎದೆಗೆ ಹಾರಿದ. ಅವರು ಕನ್ನಡಕ ಎತ್ತಿ ನೋಡಿದರು. ಮತ್ತೆ ಇಳಿಸಿದರು, ಮತ್ತೆ ಎತ್ತಿದರು. ಗೋಡೆ ನೋಡಿದರು, ನನ್ನನ್ನು ನೋಡಿದರು. "ಡಾಕ್ಟ್ರು ಕೆಡಿಸ್ಬುಟ್ಟವ್ರೆ ಕಣಮ್ಮಿ ಸುಸೀಲ. ನೆನ್ನೆಗಂಟ ಎಲ್ಲಾ ಬೆಳ್ಳುಗ್ ಕಾಣ್ತಿತ್ತು" ಅಂದರು. ಕಣ್ಣು ಸರಿಯಾಗೇ ಇದೆ ಅತ್ಗೆ, ನಾಯಿಯೇ ಹಳದಿ ಎಂದೆ. ಅವರು ನಂಬಲಿಲ್ಲ. ಕೂತುಕೊಂಡು, ಕಣ್ಣು ಮುಚ್ಚಿ, ಬತಾಸುವಿನ ಮೈಯನ್ನು ಕೈಯಿಂದ ನೋಡತೊಡಗಿದರು. ಕಿವಿ, ಕುತ್ತಿಗೆ, ಬೆನ್ನು, ಒಂದೊಂದು ಕಾಲು, ಬಾಲ. ನಾನು ಹೊಲದಲ್ಲಿ ನೋಡಿದ ಹಾಗೆಯೇ.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮೆಜಮಾನರು, ಚಿರತೆ ಬಂದಿತ್ತು ಅಕ್ಕ, ಇವಳು ಡ್ರಮ್ಮಲ್ಲಿ ಇಟ್ಟಿದ್ದಳು ಎಂದು ಎರಡೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟರು. ನನ್ನ ಅಭ್ಯಾಸವೆಲ್ಲ ನೀರುಪಾಲು. ಅತ್ತಿಗೆ ಎದ್ದು ಗಾಡಿಯ ಹತ್ತಿರ ಬಂದು, ಜಾಲರಿಯ ಮೇಲಿನ ಗೀರುಗಳನ್ನು ಬೆರಳಿನಿಂದ ಸವರಿದರು. ನಾಲ್ಕನ್ನೂ ಉದ್ದಕ್ಕೆ, ನಿಧಾನಕ್ಕೆ. ಆಮೇಲೆ ನನ್ನ ಕೈ ಹಿಡಿದುಕೊಂಡು ನಿಂತರು. ಕಣ್ಣಿಗೆ ನೀರು ಬರಬಾರದು ಎಂದಿದ್ದಾರೆ ಡಾಕ್ಟರು, ಅಳಬೇಡಿ ಎಂದು ನಾನು ಹೇಳಿದೆ. ಹೇಳುತ್ತಾ ನಾನೇ ಅಳುತ್ತಿದ್ದೆ.

ಎದುರು ಮನೆಯವರು ಬಾಗಿಲಿಗೆ ಬಂದು, ನಾಯಿಗೆ ಯಾಕೆ ಅರಿಸಿನ ಹಚ್ಚಿದ್ದೀರಿ, ಮದುವೆಯಾ ಎಂದು ಕೇಳಿದರು. ಅತ್ತಿಗೆ ನನ್ನ ಕೈ ಬಿಡದೆ, ಬೀದಿಗೆಲ್ಲ ಕೇಳುವ ಹಾಗೆ, "ಚಿರ್ತೆ ಬಾಯಿಂದ ಕಿತ್ಕೊಂಡು ಬಂದವ್ಳೆ ಕಣಮ್ಮಿ ನಮ್ ಸುಸೀಲ. ಬಂದು ನೋಡು, ಒಂದು ಗೀರಿಲ್ಲ" ಅಂದರು.

ನನ್ನನ್ನು ಜಗಲಿಯ ಮೇಲೆ ಕೂರಿಸಿ, ಕೈಗೆ ಕಾಫಿ ಕೊಟ್ಟು, ಬಂದವರಿಗೆಲ್ಲ ಅವರೇ ಕಥೆ ಹೇಳಿದರು. ಮೊದಲ ಸಲ ಚಿರತೆ ಒಂದಿತ್ತು. ಎರಡನೆಯ ಸಲ ಅದು ನನ್ನ ಸೆರಗು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಚಿರತೆಗಳು ಎರಡಾಗಿದ್ದವು, ನಾನು ಬರಿಗೈಯಲ್ಲಿ ನಿಂತಿದ್ದೆ. ಟೀಚರ್ ಕೆಲಸ ಮಾಡುವವಳು ನಾನು, ತಪ್ಪು ಕಂಡರೆ ತಿದ್ದದೆ ಬಿಟ್ಟವಳಲ್ಲ. ಅವತ್ತು ಬಾಯಿ ಮುಚ್ಚಿಕೊಂಡು ಇನ್ನೊಂದು ಲೋಟ ಕಾಫಿ ಕುಡಿದೆ.